ತಿದ್ದೋ ಗುಂಡಿ ನಮ್ಮ ಕೈಗೆ, ಒಪ್ಪೋ ಗುಂಡಿ ಯಾರ ಕೈಗೆ?

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಭಾಷಿಣಿ ಅನ್ನೋ ಯೋಜನೆಯನ್ನ ಉದ್ಘಾಟನೆ ಮಾಡ್ತು. ಭಾರತದ ಭಾಷೆಗಳ ನಡುವೆ ಯಂತ್ರದಿಂದ ಅನುವಾದ ಮಾಡಿಸೋದು ಅದರ ಕೆಲಸ. ಯಂತ್ರಕ್ಕೆ ಭಾಷೆ ಕಲಿಸಬೇಕಲ್ಲ, ಅದಕ್ಕೆ ಜನರಿಂದಲೇ ಮಾತು, ಬರಹ, ಅನುವಾದ ತಗೊಳ್ಳೋಕೆ ಒಂದು ಜಾಗ ಮಾಡಿದ್ದಾರೆ. ಅದರ ಹೆಸರು ಭಾಷಾದಾನ. ಯಾರು ಬೇಕಾದರೂ ಹೋಗಿ ವಾಕ್ಯ ಓದಿ ಧ್ವನಿ ಕೊಡಬಹುದು, ಅನುವಾದ ಬರೆದು ಕೊಡಬಹುದು, ಬೇರೆಯವರು ಕೊಟ್ಟದ್ದು ಸರಿಯೋ ತಪ್ಪೋ ಹೇಳಬಹುದು. ಕೆಲಸ ಒಳ್ಳೇದೇ, ನನ್ನ ತಕರಾರಿಲ್ಲ. ತಕರಾರು ಇರೋದು ಹೆಸರಿನ ಮೇಲೆ. ದಾನ ಅಂತೆ ದಾನ!

ದಾನ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ನಮ್ಮವರು ಎಚ್ಚರ ಆಗಬೇಕು. ದಾನ ಕೊಟ್ಟವನು ವಾಪಸ್ ಕೇಳೋ ಹಾಗಿಲ್ಲ. ಕೊಟ್ಟದ್ದನ್ನ ಏನು ಮಾಡಿದ್ರಿ ಅಂತ ಲೆಕ್ಕ ಕೇಳೋ ಹಾಗಿಲ್ಲ. ನಾನು ಕೊಟ್ಟ ಕನ್ನಡ ನಾಳೆ ಯಾವುದೋ ಇಲಾಖೆಯ ವೆಬ್‌ಸೈಟಿನಲ್ಲಿ ಕೈಕಾಲು ಮುರ್ಕೊಂಡು ಕೂತಿದ್ರೆ, ಅದನ್ನ ಅಲ್ಲೇ, ಆ ಪುಟದಲ್ಲೇ ಸರಿ ಮಾಡೋ ಹಕ್ಕು ನನಗಿದೆಯಾ? ಆ ಹಕ್ಕಿನ ಬಗ್ಗೆ ಮಾತಾಡೋಣ. ದಾನದ ಮಾತು ಆಮೇಲೆ.

ಈಗ ಸರ್ಕಾರದ ಪುಟಗಳಲ್ಲಿ ಮೇಲ್ಗಡೆ ಒಂದು ಕನ್ನಡ ಅನ್ನೋ ಗುಂಡಿ ಇರುತ್ತೆ. ಒತ್ತಿದರೆ ಪುಟ ಕನ್ನಡವಾಗುತ್ತೆ. ಎಂಥ ಕನ್ನಡ? 'ಅಪ್ಲೈ ನೌ' ಅನ್ನೋ ಕಡೆ 'ಈಗ ಅನ್ವಯಿಸಿ'. ಏನನ್ನ ಅನ್ವಯಿಸಬೇಕು, ಮುಲಾಮಾ? ಅರ್ಜಿ ಹಾಕಿ ಅನ್ನೋ ಎರಡು ಪದ ಬರೆಯೋಕೆ ಯಾರಿಗೂ ಆಗಿಲ್ಲ. ಒಂದು ಕಡೆ ಜಾತಿ ಪ್ರಮಾಣಪತ್ರ ಕೊಟ್ಟ ದಿನಾಂಕ ತುಂಬುವ ಜಾಗದಲ್ಲಿ 'ಸಮಸ್ಯೆಯ ದಿನಾಂಕ' ಅಂತಿತ್ತು. ಇಂಗ್ಲಿಷಿನಲ್ಲಿ ಇಶ್ಯೂ ಅಂದ್ರೆ ಕೊಡೋದೂ ಹೌದು, ಸಮಸ್ಯೆಯೂ ಹೌದು. ಜಾತಿ ನಮಗೆ ಸಮಸ್ಯೆಯಾದ ದಿನಾಂಕ ತುಂಬು ಅಂದ್ರೆ ಯಾವ ಇಸವಿ ಹಾಕೋದು ಸ್ವಾಮಿ?

ಇಷ್ಟಕ್ಕೇ ನಿಂತಿದ್ರೆ ನಕ್ಕು ಸುಮ್ಮನಾಗಬಹುದಿತ್ತು. ಕಳೆದ ವರ್ಷ ನಮ್ಮ ಬೀದಿಯ ಗಾರೆ ಕೆಲಸದವರೊಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿಗೆ ಬಂತು ಅಂತ ಮೊಬೈಲಿನಲ್ಲಿ ನೋಡಿದ್ದಾರೆ. 'ಸಂಸ್ಥೆಯ ಮಟ್ಟದಲ್ಲಿ ಬಾಕಿ ಇದೆ' ಅಂತ ಬಂದಿದೆ. ಇಂಗ್ಲಿಷಿನ ಪೆಂಡಿಂಗ್ ಅನ್ನೋ ಪದಕ್ಕೆ ಆಫೀಸಿನವರು ಬಾಕಿ ಅಂತೀವಿ, ನಿಜ. ಕೂಲಿ ಮಾಡೋ ಮನೆಯಲ್ಲಿ ಬಾಕಿ ಅಂದ್ರೆ ಒಂದೇ ಅರ್ಥ, ಸಾಲ. ಅಂಗಡಿ ಬಾಕಿ, ಬಡ್ಡಿ ಬಾಕಿ. ಕಾಲೇಜಿಗೆ ತಾನು ದುಡ್ಡು ಕೊಡಬೇಕು ಅಂತ ಆ ಮನುಷ್ಯ ತಿಳಿದ. ಎಷ್ಟು ಅಂತಲೂ ಅಲ್ಲಿ ಬರೆದಿಲ್ಲ. ಬರಿಗೈಲಿ ಕಾಲೇಜಿಗೆ ಹೋಗೋಕೆ ನಾಚಿಕೆಯಾಗಿ, ಬಡ್ಡಿಗೆ ಮೂರು ಸಾವಿರ ತಂದು, ಹದಿನೈದು ದಿನ ಬಿಟ್ಟು ಹೋಗಿದ್ದಾನೆ. ಅಲ್ಲಿ ಹೇಳಿದ್ದಾರೆ, ದುಡ್ಡು ಏನೂ ಇಲ್ಲಪ್ಪ, ದಾಖಲೆ ತಂದು ತೋರಿಸಿ ಪರಿಶೀಲನೆ ಮಾಡಿಸ್ಕೋಬೇಕಿತ್ತು, ಆ ತಾರೀಕು ಹೋದ ವಾರವೇ ಮುಗೀತು ಅಂತ. ಹುಡುಗಿಗೆ ಆ ವರ್ಷದ ವಿದ್ಯಾರ್ಥಿವೇತನ ಹೋಯ್ತು. ಬಡ್ಡಿ ಮಾತ್ರ ಉಳೀತು.

'ಕಾಲೇಜಿನವರು ನಿಮ್ಮ ದಾಖಲೆ ಇನ್ನೂ ನೋಡಿಲ್ಲ, ಹೋಗಿ ತೋರಿಸಿ' ಅಂತ ಬರೆದಿದ್ರೆ ಮುಗೀತಿತ್ತು. ಈ ಸಾಲನ್ನ ಆ ಹುಡುಗಿಯೇ ಬರೀತಿದ್ದಳು. ಬರೆಯೋಕೆ ಜಾಗ ಎಲ್ಲಿತ್ತು? ನಾನೇ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯವರು ಬಹಳ ಮರ್ಯಾದೆಯಿಂದ, ಸರ್ ಅದು ಸಾಫ್ಟ್‌ವೇರ್‌ನವರದ್ದು, ನಮಗೆ ಬರಲ್ಲ ಅಂದ್ರು. ಸಾಫ್ಟ್‌ವೇರ್‌ನವರ ನಂಬರ್ ಕೊಡಿ ಅಂದೆ. ಅದು ಅವರ ಹತ್ರ ಇರಲಿಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ದಾರಿ ಹಳೇದು. ಪುಟದ ಒಂದೊಂದು ಸಾಲನ್ನೂ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಅಂತ ಜೋಡಿಸಿ ತೋರಿಸೋದು. ಓದುಗ ಕನ್ನಡದ ಸಾಲಿನ ಮೇಲೆ ಬೆರಳಿಟ್ಟರೆ ಪೆಟ್ಟಿಗೆ ತೆರೆಯುತ್ತೆ, ತನ್ನ ಸಾಲು ಬರೆದು ಕಳಿಸ್ತಾನೆ. ಯಾರು ಯಾವತ್ತು ಏನು ತಿದ್ದಿದರು ಅಂತ ದಾಖಲೆ ಉಳಿಯುತ್ತೆ, ಕೆಟ್ಟದ್ದು ಬಂದ್ರೆ ಹಳೆಯದಕ್ಕೆ ವಾಪಸ್ ಹೋಗಬಹುದು. ವಿಕಿಪೀಡಿಯದಲ್ಲಿ ಹುಡುಕಿ, ಉಳಿಸಿ ಅನ್ನೋ ಗುಂಡಿಗಳ ಕನ್ನಡ ಹೀಗೇ ಬಂದದ್ದು. ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಸ್ಟ್ರೋಮ್ ಅನ್ನೋರು ಶುರು ಮಾಡಿದ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಜನ ಅನುವಾದ ಮಾಡ್ತಾರೆ, ಅಲ್ಲಿಂದ ಅದು ವಿಕಿಪೀಡಿಯಕ್ಕೆ ಹೋಗುತ್ತೆ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರ ಹತ್ರ ಪಾಂಟೂನ್ ಅಂತ ಇದೆ. ಜೆಕ್ ದೇಶದ ಒಬ್ಬರು ಮಾಡಿದ ವೆಬ್ಲೇಟ್ ಇದೆ, ಯಾರು ಬೇಕಾದರೂ ಬಿಟ್ಟಿಯಾಗಿ ತಗೊಂಡು ತಮ್ಮ ಸರ್ವರಿನಲ್ಲಿ ಹಾಕ್ಕೋಬಹುದು. ಒಂದು ಇಲಾಖೆ ಮನಸ್ಸು ಮಾಡಿದ್ರೆ ತಂತ್ರಜ್ಞಾನಕ್ಕೆ ಟೆಂಡರ್ ಕರೆಯುವಷ್ಟು ಕೆಲಸವೂ ಇಲ್ಲ. (ಟೆಂಡರ್ ಇಲ್ಲದ ಕೆಲಸಕ್ಕೆ ಮನಸ್ಸು ಬರೋದು ಕಷ್ಟ, ಅದು ಬೇರೆ ಮಾತು.)

ಟ್ರಾನ್ಸ್‌ಲೇಟ್‌ವಿಕಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ವ್ಯವಸ್ಥೆ ಇದೆ. ಪ್ರತಿ ಸಾಲಿನ ಜೊತೆ, ಈ ಪದ ಪುಟದಲ್ಲಿ ಎಲ್ಲಿ ಬರುತ್ತೆ, ಯಾಕೆ ಬರುತ್ತೆ ಅಂತ ವಿವರಣೆ ಬರೆದಿಡುವ ಜಾಗ. 'ಅಪ್ಲೈ' ಅಂತ ಒಂಟಿ ಪದ ಕೊಟ್ಟರೆ ಎಂಥ ಪಂಡಿತನೂ ತಪ್ಪುತ್ತಾನೆ. ಇದು ಅರ್ಜಿ ಹಾಕುವ ಗುಂಡಿ ಅಂತ ಪಕ್ಕದಲ್ಲಿ ಬರೆದಿದ್ರೆ ಪಿಯುಸಿ ಹುಡುಗನೂ ಸರಿಯಾಗಿ ಬರೀತಾನೆ. ಪದದ ಅರ್ಥ ಅದು ನಿಂತಿರೋ ಜಾಗದಿಂದ ಬರುತ್ತೆ ಅನ್ನೋದು ಊರಾಚೆ ನಿಂತು ಬೆಳೆದ ನಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ಹೊತ್ತವನು. ಕಡತದಲ್ಲಿ ಟಿಪ್ಪಣಿ ಬರೆಯೋದು, ಕರಡು ಹಾಕೋದು ನಾವು. ಅದು ಮೇಲಕ್ಕೆ ಹೋಗುತ್ತೆ. ಮೇಲಿನವರು ಹಸಿರು ಇಂಕಿನಲ್ಲಿ ಒಂದು ಗೆರೆ ಎಳೆದರೆ ನಮ್ಮ ಇಡೀ ಪುಟ ಹೋಯ್ತು. 'ಚರ್ಚಿಸಿ' ಅಂತ ಬರೆದರೆ ಕಡತ ಮೂರು ತಿಂಗಳು ಮೇಜಿನ ಮೇಲೆ ಮಲಗುತ್ತೆ. ಕರಡು ಯಾರು ಬರೀತಾರೆ, ಸಹಿ ಯಾರು ಹಾಕ್ತಾರೆ ಅನ್ನೋದೇ ಆಫೀಸು. ಉಳಿದದ್ದೆಲ್ಲ ಕುರ್ಚಿ ಮೇಜು.

ಈ ಅನುವಾದದ ವ್ಯವಸ್ಥೆಯಲ್ಲೂ ಎರಡು ಗುಂಡಿ ಇವೆ. ಒಂದು ಸಲಹೆ ಕೊಡೋದು, ಇನ್ನೊಂದು ಒಪ್ಪೋದು. ಪಾಂಟೂನಿನಲ್ಲಿ ಸಾಮಾನ್ಯ ಬಳಕೆದಾರ ಬರೆದದ್ದು ಸಲಹೆಯಾಗಿ ಕೂರುತ್ತೆ, ಅನುವಾದಕ ಅನ್ನೋ ದರ್ಜೆ ಇರುವವರು ಒಪ್ಪಿದ ಮೇಲೇ ಅದು ನಿಜವಾದ ಅನುವಾದವಾಗೋದು. ಇದರಲ್ಲಿ ಅನ್ಯಾಯ ಏನೂ ಇಲ್ಲ, ಯಾರಾದರೂ ನೋಡಲೇಬೇಕು. ಆದರೆ ನಾಳೆ ನಮ್ಮ ರಾಜ್ಯದಲ್ಲಿ ಸರ್ಕಾರಿ ಪುಟಗಳಿಗೆ ಇಂಥ ವ್ಯವಸ್ಥೆ ಬಂತು ಅಂತಿಟ್ಕೊಳ್ಳಿ. ತಿದ್ದೋ ಗುಂಡಿ ಆರೂವರೆ ಕೋಟಿ ಜನಕ್ಕೆ ಕೊಟ್ಟೆವು ಅಂತ ಜಾಹೀರಾತು ಬರುತ್ತೆ. ಒಪ್ಪೋ ಗುಂಡಿ ಯಾರ ಹತ್ರ ಇರುತ್ತೆ? ತಜ್ಞರ ಸಮಿತಿ ಅಂತಾರೆ. ನಿವೃತ್ತ ಪ್ರಾಧ್ಯಾಪಕರು ಇಬ್ಬರು, ನಿಘಂಟು ಮಾಡಿದವರೊಬ್ಬರು, ಒಬ್ಬರು ಉಪ ಕಾರ್ಯದರ್ಶಿ. ಪೌರಕಾರ್ಮಿಕರು ಇರ್ತಾರಾ? ಹಾಸ್ಟೆಲ್ ಹುಡುಗಿ ಇರ್ತಾಳಾ? ಪಹಣಿಗೆ ನಾಡಕಚೇರಿ ಬಾಗಿಲಲ್ಲಿ ಕೂತವರು ಇರ್ತಾರಾ?

ಮಹಾಡ್ ನೆನಪಿಸ್ಕೊಳ್ಳಿ. ನಾವು ಸಾಮಾನ್ಯವಾಗಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಕುಡಿದದ್ದನ್ನ ಹೇಳ್ತೀವಿ. ಅದಕ್ಕೂ ಹಿಂದಿನದು ಹೇಳೋದಿಲ್ಲ. ಸಾರ್ವಜನಿಕ ಕೆರೆ ಬಾವಿ ಅಸ್ಪೃಶ್ಯರಿಗೂ ಮುಕ್ತ ಅಂತ ಬೊಂಬಾಯಿ ಶಾಸನ ಪರಿಷತ್ತು 1923ರಲ್ಲೇ ಬೋಲೆಯವರ ನಿರ್ಣಯ ಪಾಸು ಮಾಡಿತ್ತು. ಮಹಾಡಿನ ಪುರಸಭೆಯೂ 1924ರಲ್ಲಿ ನಮ್ಮ ಕೆರೆ ಮುಕ್ತ ಅಂತ ನಿರ್ಣಯ ಮಾಡಿತ್ತು. ಕಾಗದದಲ್ಲಿ ಕೆರೆ ತೆರೆದೇ ಇತ್ತು ಕಣ್ರೀ! ಕುಡಿಯೋಕೆ ಬಿಟ್ಟಿರಲಿಲ್ಲ, ಅಷ್ಟೇ. ಕುಡಿದ ಮೇಲೆ ಏನು ಮಾಡಿದ್ರು? ಸಗಣಿ, ಗಂಜಲ, ಹಾಲು, ಮೊಸರು 108 ಕೊಡ ಸುರಿದು ಕೆರೆ ಶುದ್ಧಿ ಮಾಡಿದ್ರು. ಅದೇ ವರ್ಷ ಪುರಸಭೆ ತನ್ನ ನಿರ್ಣಯವನ್ನೂ ವಾಪಸ್ ತಗೊಂಡ್ತು.

ಶುದ್ಧ ಕನ್ನಡ ಅನ್ನೋರನ್ನ ಕಂಡಾಗ ನನಗೆ ಆ ಕೊಡಗಳೇ ಕಣ್ಣ ಮುಂದೆ ಬರ್ತವೆ. ನಮ್ಮ ಹುಡುಗ 'ದರಖಾಸ್ತು ಜಮೀನು' ಅಂತ ತಿದ್ದುತ್ತಾನೆ, ಮೇಲೆ ಕೂತವರು ಅದು ಪಾರ್ಸಿ ಪದ, ಗ್ರಾಮ್ಯ ಅಂತ ಅಳಿಸಿ 'ಅನುದಾನಿತ ಭೂಮಿ' ಅಂತ ಹಾಕ್ತಾರೆ. ನಗಬೇಡಿ. 1978ರ ಪಿಟಿಸಿಎಲ್ ಕಾಯ್ದೆ ಇರೋದು ನಮ್ಮವರಿಗೆ ಸರ್ಕಾರ ಕೊಟ್ಟ ಜಮೀನು ಕೈತಪ್ಪದಿರಲಿ ಅಂತ. ಎಷ್ಟೋ ವರ್ಷ ತಡವಾಯ್ತು ಅಂತ ಕೋರ್ಟುಗಳಲ್ಲಿ ಕೇಸು ಬಿದ್ದು ಹೋಗ್ತಿದ್ದವು, ಅದಕ್ಕಾಗಿ ಹೋರಾಡಿ 2023ರಲ್ಲಿ ತಿದ್ದುಪಡಿ ತಂದೆವು. ಆ ತಿದ್ದುಪಡಿ ತನಗೆ ಅನ್ವಯ ಆಗುತ್ತೆ ಅಂತ ಒಬ್ಬ ಮುದುಕನಿಗೆ ಗೊತ್ತಾಗಬೇಕಾದ್ರೆ ಪುಟದಲ್ಲಿ ದರಖಾಸ್ತು ಅಂತಲೇ ಇರಬೇಕು. ಅವನ ಅಪ್ಪನ ಬಾಯಲ್ಲಿ, ತಾಲ್ಲೂಕು ಆಫೀಸಿನ ಹಳೇ ರಿಜಿಸ್ಟರಿನಲ್ಲಿ ಇರೋದು ಆ ಪದವೇ. 'ಅನುದಾನಿತ' ಅಂದ್ರೆ ಅವನಿಗೆ ಗೊತ್ತಿರೋದು ಅನುದಾನಿತ ಶಾಲೆ.

ಕನ್ನಡ ಯಾರದ್ದು ಅನ್ನೋ ಜಗಳದಲ್ಲಿ ನಮ್ಮವರು ಏಟು ತಿಂದದ್ದು ಇದೇ ಮೊದಲಲ್ಲ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ್ರು. ಒಂದು ಪದಕ್ಕೆ ರಾಜ್ಯವೇ ಹೊತ್ತಿ ಉರೀತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯ್ತು. ಆ ಸಿಟ್ಟಿನಿಂದಲೇ ನಮ್ಮ ಸಂಘಟನೆಗಳು ಹುಟ್ಟಿದವು, ಅದು ನಿಮಗೆಲ್ಲ ಗೊತ್ತು. ಕನ್ನಡವನ್ನ ತಿದ್ದುವ ಮಾತಾಡಿದ ದಲಿತನಿಗೆ ಆಗ ಸಿಕ್ಕ ಉತ್ತರ ಅದು. ಈಗ ಗುಂಡಿ ಒತ್ತಿ ತಿದ್ದಿ ಅಂತಾರೆ. ಒತ್ತೋಣ. ಒತ್ತಿದ ಮೇಲೆ ಏನಾಗುತ್ತೆ ಅಂತ ಕಾದು ನೋಡೋಣ.

ಇಂಗ್ಲಿಷ್ ಬಲ್ಲ ಗೆಳೆಯರು ಇನ್ನೊಂದು ವಿಷಯ ಗಮನಿಸೋದೇ ಇಲ್ಲ. ಇಂಗ್ಲಿಷಿನಲ್ಲಿ ಯೂ ಅಂದ್ರೆ ಮುಗೀತು. ಕನ್ನಡದಲ್ಲಿ ನೀನು ಇದೆ, ನೀವು ಇದೆ. ಅವನು ಇದೆ, ಅವರು ಇದೆ. ನಮ್ಮ ಊರುಗಳಲ್ಲಿ ಎಪ್ಪತ್ತು ವರ್ಷದ ನಮ್ಮ ತಾತನನ್ನ ಗೌಡರ ಮನೆಯ ಹತ್ತು ವರ್ಷದ ಹುಡುಗ 'ಬಾರೋ ಇಲ್ಲಿ' ಅಂತಿದ್ದ. ತಾತ 'ಬಂದೆ ಬುದ್ದೀ' ಅಂತಿದ್ರು. ಏಕವಚನ ನಮಗೆ ವ್ಯಾಕರಣದ ಪಾಠ ಅಲ್ಲ, ಬೆನ್ನ ಮೇಲಿನ ಬರೆ. ಈಗ ಪುಟ ತೆರೆದರೆ ಅದೇ ದನಿ. 'ಹೆಸರು ನಮೂದಿಸು.' 'ಮುಂದೆ ಹೋಗು.' 'ನಿನ್ನ ಜಾತಿ ಆಯ್ಕೆ ಮಾಡು.' ಯಂತ್ರಕ್ಕೆ ಜಾತಿ ಇಲ್ಲ, ಒಪ್ಪಿದೆ. ಯಂತ್ರ ಕಲಿತ ಬರಹಕ್ಕೆ? ಒಂದು ಪುಟದಲ್ಲಿ ಬಾಬಾಸಾಹೇಬರ ಜೀವನ ಚರಿತ್ರೆಯನ್ನ ಇಂಗ್ಲಿಷಿನಿಂದ ಯಂತ್ರದ ಮೂಲಕ ಕನ್ನಡಕ್ಕೆ ಹಾಕಿದ್ರು. ಮೊದಲ ಪ್ಯಾರಾದಲ್ಲಿ 'ಅವರು ಜನಿಸಿದರು'. ಎರಡನೇ ಪ್ಯಾರಾದಲ್ಲಿ 'ಅವನು ವಿದೇಶಕ್ಕೆ ಹೋದನು'. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಒಂದು ಪ್ಯಾರಾ ಅಂತರದಲ್ಲಿ ಅವನು ಆಗಿಬಿಟ್ಟರು. ಎಷ್ಟು ಜನ ಓದಿರಬಹುದು? ಓದಿ ಕೈ ಹಿಸುಕಿಕೊಂಡಿರಬಹುದು? ಆ ಸಾಲಿನ ಪಕ್ಕ ಒಂದು ಪೆನ್ನಿನ ಗುರುತು ಇದ್ದಿದ್ರೆ ಅದೇ ದಿನ ನಮ್ಮ ಹುಡುಗರಲ್ಲಿ ಯಾರಾದ್ರೂ ತಿದ್ದುತ್ತಿದ್ದರು. ನಾನು ಪತ್ರ ಬರೆದು ಏಳು ವಾರ ಆದ ಮೇಲೆ ಸರಿ ಹೋಯ್ತು, ಯಾರು ಸರಿ ಮಾಡಿದ್ರು ಅಂತ ಇವತ್ತಿಗೂ ಗೊತ್ತಿಲ್ಲ, ಉತ್ತರವೂ ಬರಲಿಲ್ಲ.

ನಮ್ಮ ಸಂಗಾತಿಗಳೇ ಕೆಲವರು ಕೇಳಿದ್ದಾರೆ. ಜನ ಮ್ಯಾನ್‌ಹೋಲಿನಲ್ಲಿ ಸಾಯ್ತಿದ್ದಾರೆ, ನೀನು ವೆಬ್‌ಸೈಟಿನ ಗುಂಡಿ ಬಗ್ಗೆ ಬರೀತಿದ್ದೀಯಲ್ಲ ಅಂತ. ಗುಂಡಿ ಅಂದ್ರೆ ನಮ್ಮವರಿಗೆ ಮೊದಲು ನೆನಪಾಗೋದು ಆ ಗುಂಡಿಯೇ, ನನಗೂ ಅದೇ. ಅಲ್ಲಿಗೇ ಬರ್ತೀನಿ. 2013ರಲ್ಲಿ ಮಲ ಹೊರುವ ಪದ್ಧತಿ ನಿಷೇಧದ ಹೊಸ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಅಂತು, 2023ರ ಅಕ್ಟೋಬರಿನಲ್ಲಿ ಅದನ್ನೇ 30 ಲಕ್ಷಕ್ಕೆ ಏರಿಸಿತು. ಗಂಡನನ್ನ ಕಳ್ಕೊಂಡ ಹೆಣ್ಣುಮಗಳು ಈ ವಿಷಯ ಹುಡುಕಿ ಕನ್ನಡ ಅನ್ನೋ ಗುಂಡಿ ಒತ್ತಿದರೆ ಅವಳಿಗೆ ಏನು ಕಾಣುತ್ತೆ? 'ಹಸ್ತಚಾಲಿತ ಸ್ಕ್ಯಾವೆಂಜರ್‌ಗಳ ಪುನರ್ವಸತಿ.' ನಾನು ಕಣ್ಣಾರೆ ಕಂಡ ಸಾಲು ಇದು. ಹಸ್ತಚಾಲಿತ ಅಂದ್ರೆ ಏನ್ರೀ? ಕೈಯಿಂದ ತಿರುಗಿಸೋ ಹೊಲಿಗೆ ಮಿಷನ್ನಾ? ಮಲ ಅನ್ನೋ ಪದ ಎಲ್ಲಿ ಹೋಯ್ತು? ಹೊರೋದು ಎಲ್ಲಿ ಹೋಯ್ತು? ತಲೆ ಮೇಲೆ ಹೊತ್ತದ್ದು ನಮ್ಮವರು, ಆ ಹೊತ್ತ ಕ್ರಿಯಾಪದವನ್ನೇ ಪುಟದಿಂದ ತೊಳೆದುಬಿಟ್ಟಿದ್ದಾರೆ. ಈ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನ ನಿಷೇಧಿಸಿದವರು ಅದೇ ಬೂಸಾ ಬಸವಲಿಂಗಪ್ಪನವರು. ಅವರಿಗೆ ಬೇಕಾದ ಪದ ಕನ್ನಡದಲ್ಲಿ ಆಗಲೇ ಇತ್ತು. ಈಗ ಯಂತ್ರಕ್ಕೆ ಸಿಗ್ತಿಲ್ಲ.

ಆ ಹೆಣ್ಣುಮಗಳಿಗೆ ಅದು ತನ್ನ ವಿಷಯ ಅಂತ ಗೊತ್ತಾಗದೆ ಪುಟ ಮುಚ್ಚಿದ್ರೆ 30 ಲಕ್ಷದ ತೀರ್ಪು ಇದ್ದು ಏನು ಪ್ರಯೋಜನ? ಹಾಗಾಗಿ ಎರಡೂ ಗುಂಡಿಗಳ ಬಗ್ಗೆ ಬರೀತೀನಿ, ಬಿಡೋದಿಲ್ಲ.

ನಮ್ಮನ್ನ ಏನಂತ ಕರೀಬೇಕು ಅನ್ನೋದನ್ನೂ ಬೇರೆಯವರೇ ನಿರ್ಧರಿಸ್ತಾ ಬಂದಿದ್ದಾರೆ. ಜಾತಿ ಪ್ರಮಾಣಪತ್ರದಲ್ಲಿ ಹರಿಜನ ಅಂತ ಬರೀಬೇಡಿ ಅಂತ ಕೇಂದ್ರ ಗೃಹ ಸಚಿವಾಲಯ 1982ರಲ್ಲೇ ರಾಜ್ಯಗಳಿಗೆ ಬರೆದಿತ್ತು. 2018ರಲ್ಲಿ ಮಾಹಿತಿ ಪ್ರಸಾರ ಸಚಿವಾಲಯ ದಲಿತ ಅನ್ನೋ ಪದ ಬೇಡ, ಪರಿಶಿಷ್ಟ ಜಾತಿ ಅನ್ನಿ ಅಂತ ಟಿವಿಯವರಿಗೆ ಸಲಹೆ ಕೊಡ್ತು. ಹರಿಜನ ಬೇಡ ಅಂತ ನಾವು ದಶಕಗಟ್ಟಲೆ ಕೂಗಿದ್ದು ಸರಿ. ದಲಿತ ಬೇಡ ಅಂತ ನಾವು ಯಾವಾಗ ಕೂಗಿದ್ವಿ? ನಾವೇ ಇಟ್ಕೊಂಡ ಹೆಸರು ಅದು. ಹಾಗಾಗಿ ಯಾವ ವ್ಯವಸ್ಥೆ ಬಂದರೂ ಒಂದು ಸಮುದಾಯದ ಹೆಸರು, ಅದರ ಕಸುಬು, ಅದಕ್ಕಾದ ದೌರ್ಜನ್ಯ, ಇವುಗಳಿಗೆ ಸಂಬಂಧಿಸಿದ ಸಾಲುಗಳಲ್ಲಿ ಒಪ್ಪೋ ಗುಂಡಿ ಆ ಸಮುದಾಯದವರ ಕೈಯಲ್ಲೇ ಇರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಎಲ್ಲರಿಗೂ ಬಿಟ್ಟರೆ ಕಿಡಿಗೇಡಿಗಳು ಬಂದು ಬೈಗುಳ ತುಂಬುತ್ತಾರೆ ಅಂತಾರೆ. ನಿಜ, ತುಂಬುತ್ತಾರೆ. ನಮಗೆ ಬರೋ ಬೈಗುಳ ನಮಗೆ ಗೊತ್ತಿಲ್ವಾ? 2010ರಲ್ಲಿ ಟರ್ಕಿಯ ಒಂದಷ್ಟು ಜನ ಗುಂಪು ಕಟ್ಟಿಕೊಂಡು ಫೇಸ್‌ಬುಕ್ಕಿನ ಟರ್ಕಿ ಭಾಷೆಯ ಅನುವಾದಗಳಿಗೆ ಓಟು ಹಾಕಿ ಅಶ್ಲೀಲ ಮಾತುಗಳನ್ನ ಕೂರಿಸಿಬಿಟ್ಟಿದ್ರು. ಅಲ್ಲಿ ಹೆಚ್ಚು ಓಟು ಬಿದ್ದ ಅನುವಾದ ಮೇಲೆ ಬರ್ತಿತ್ತು. ಇದರಿಂದ ಜನರ ಕೈಗೆ ಕೊಡಬಾರದು ಅಂತ ಪಾಠ ಕಲಿಯೋರು ಕಲೀಲಿ. ನಾನು ಕಲಿತದ್ದು, ತಲೆ ಎಣಿಸಿ ಪದ ಗೆಲ್ಲಿಸಬಾರದು ಅಂತ. ಹುಟ್ಟಿನಿಂದಲೇ ಬಹುಮತ ಬರುವ ದೇಶದಲ್ಲಿ ತಲೆ ಎಣಿಕೆಯನ್ನ ಎಷ್ಟು ನಂಬಬೇಕು ಅಂತ ಬಾಬಾಸಾಹೇಬರು ನಮಗೆ ಹೇಳಿಕೊಟ್ಟಿದ್ದಾರೆ. ಬೈಗುಳ ಬರೆದವನ ಹೆಸರು, ವೇಳೆ ದಾಖಲೆಯಲ್ಲಿರುತ್ತೆ, ಅಳಿಸೋಕೆ ನಿಮಿಷ ಸಾಕು, ದೌರ್ಜನ್ಯ ತಡೆ ಕಾಯ್ದೆ ಇದ್ದೇ ಇದೆ. ಮೇಜಿನ ಹಿಂದೆ ಕೂತು ಹೆಸರು ಹೇಳದೆ 'ಹಸ್ತಚಾಲಿತ' ಅಂತ ಬರೆದವನ ದಾಖಲೆ ಎಲ್ಲಿದೆ, ಅದನ್ನ ಹೇಳಿ ಮೊದಲು.

ಬಿಟ್ಟಿ ಚಾಕರಿಯ ಮಾತು ಬಂತು. ಫೇಸ್‌ಬುಕ್ 2008ರಲ್ಲಿ ತನ್ನ ಪುಟಗಳನ್ನ ಬೇರೆ ಭಾಷೆಗೆ ತರೋಕೆ ಬಳಕೆದಾರರನ್ನೇ ಹಚ್ಚಿತು. ಫ್ರೆಂಚ್ ಆವೃತ್ತಿಯನ್ನ ಸುಮಾರು 4,000 ಜನ ಸೇರಿ ಒಂದೇ ದಿನದಲ್ಲಿ ಮುಗಿಸಿದ್ರು ಅಂತ ಹೆಮ್ಮೆಯಿಂದ ಹೇಳಿಕೊಂಡಿತು. ಒಬ್ಬರಿಗೂ ಸಂಬಳ ಇಲ್ಲ. 2009ರಲ್ಲಿ ಲಿಂಕ್ಡ್‌ಇನ್ ಕಂಪನಿ ವೃತ್ತಿಯಲ್ಲಿ ಅನುವಾದಕರಾಗಿರೋರನ್ನೇ, ದುಡ್ಡಿಲ್ಲದೆ ಮಾಡಿಕೊಡ್ತೀರಾ ಅಂತ ಕೇಳಿ ಚೆನ್ನಾಗಿ ಉಗಿಸಿಕೊಂಡಿತ್ತು. ನಮ್ಮ ತಾತಂದಿರು ಊರಿಗೆ ಬಿಟ್ಟಿ ಮಾಡಿದವರು. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಹೇಳೋಕೆ ಹತ್ತು ಮೈಲಿ ನಡೆಯೋದು, ತಮಟೆ ಬಡಿಯೋದು. ಅದಕ್ಕೂ ಒಂದು ಚಂದದ ಹೆಸರಿತ್ತು, ಊರ ಸೇವೆ. ಮೊಮ್ಮಕ್ಕಳು ಈಗ ಕಂಪ್ಯೂಟರಿನಲ್ಲಿ ಬಿಟ್ಟಿ ಮಾಡಬೇಕಾ, ಭಾಷಾಸೇವೆ ಅಂತ? ಯಾವುದೋ ಒಂದು ಸಾಲು ತಿದ್ದಿದ್ದಕ್ಕೆ ದುಡ್ಡು ಕೊಡಿ ಅಂತ ನಾನು ಕೇಳಲ್ಲ, ಅದು ಓದುಗನ ಹಕ್ಕು. ಆದರೆ ದಿನಾ ಕೂತು ಬೇರೆಯವರ ಸಲಹೆ ನೋಡಿ ಒಪ್ಪುವವರಿಗೆ ದಿನಕ್ಕೆ ಇಷ್ಟು ಅಂತ ಗೌರವಧನ ಕೊಡಲೇಬೇಕು. ಕೊಡದಿದ್ರೆ ಸಂಜೆ ಬಿಡುವು ಇರೋರು, ಮನೇಲಿ ಲ್ಯಾಪ್‌ಟಾಪ್ ಇರೋರು, ಅಡುಗೆ ಬೇರೆಯವರು ಮಾಡಿಕೊಡೋರು ಮಾತ್ರ ಆ ಕುರ್ಚಿಗೆ ಬರ್ತಾರೆ. ಅವರು ಯಾರು ಅಂತ ಹೇಳಬೇಕಾ?

ಕಳೆದ 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿಗಳು ಅಂತಿಮ ದರ್ಶನ ಪಡೆದ ಸುದ್ದಿ ಅವರ ಪುಟದಲ್ಲಿ ಕನ್ನಡದಲ್ಲಿ ಬಂತು. ಫೇಸ್‌ಬುಕ್‌ನ ಯಂತ್ರ ಅದನ್ನ ಇಂಗ್ಲಿಷಿಗೆ ತಿರುಗಿಸಿ ಸಿದ್ದರಾಮಯ್ಯನವರೇ ತೀರಿಕೊಂಡ್ರು ಅನ್ನೋ ಹಾಗೆ ಮಾಡಿಬಿಟ್ಟಿತ್ತು. ಅವರ ಮಾಧ್ಯಮ ಸಲಹೆಗಾರರು ಮೆಟಾ ಕಂಪನಿಗೆ ಪತ್ರ ಬರೆದ್ರು, ಕೆಲವೇ ದಿನದಲ್ಲಿ ಕಂಪನಿ ಕ್ಷಮೆ ಕೇಳಿ ಸರಿ ಮಾಡ್ತು. ಆಗಲೇಬೇಕಾದ ಕೆಲಸ, ಆಯ್ತು. ಗಾರೆ ಕೆಲಸದವರಿಗೆ ಮಾಧ್ಯಮ ಸಲಹೆಗಾರರಿಲ್ಲ. ಅವರಿಗೆ ಆ ಸಾಲಿನ ಪಕ್ಕ ಒಂದು ಗುಂಡಿ ಇದ್ರೆ ಸಾಕು, ಅದನ್ನೇ ಕೇಳ್ತಿರೋದು.

ಹೇಗಿರಬೇಕು ಆ ಗುಂಡಿ? ಅದಕ್ಕೆ ಇಮೇಲ್ ಕೇಳಬಾರದು, ಮೊಬೈಲ್ ನಂಬರ್ ಸಾಕು. ಟೈಪ್ ಮಾಡೋಕೆ ಬರದವರು ಮಾತಾಡಿ ಕಳಿಸುವಂತಿರಬೇಕು. ಚಾಮರಾಜನಗರದ ಕನ್ನಡದಲ್ಲೂ ಬರಲಿ, ಕಲಬುರಗಿಯ ಕನ್ನಡದಲ್ಲೂ ಬರಲಿ. ದೇವನೂರ ಮಹಾದೇವರ ಕುಸುಮಬಾಲೆಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತಲ್ಲ, ಆ ಭಾಗದ ಜನರ ಮಾತಿನಲ್ಲೇ ಬರೆದ ಪುಸ್ತಕ ಅದು. ಅಕಾಡೆಮಿಗೆ ಆಗುವ ಕನ್ನಡ ಅರ್ಜಿ ನಮೂನೆಗೆ ಯಾಕೆ ಆಗಲ್ಲ? ಇನ್ನು ಕಾಲಮಿತಿ. 2011ರಿಂದ ಸಕಾಲ ಕಾಯ್ದೆ ಇದೆ, ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ, ಪಡಿತರ ಚೀಟಿಗೆ ಇಷ್ಟು ದಿನ ಅಂತ ಲೆಕ್ಕ ಇದೆ. ತಪ್ಪು ಸಾಲನ್ನ ತೋರಿಸಿದ ಮೇಲೆ ಇಷ್ಟು ದಿನದಲ್ಲಿ ಒಪ್ಪಬೇಕು, ಒಪ್ಪದಿದ್ರೆ ಯಾಕೆ ಅಂತ ಬರೀಬೇಕು. ಕಾರಣ ಬರೀದೆ ತಳ್ಳೋ ಹಾಗಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಅಂತ ಕಾಯ್ದೆ ಮಾಡಿಟ್ಟಿದ್ದೀವಿ, ನಾಮಫಲಕದಲ್ಲಿ ಕನ್ನಡ ಶೇಕಡಾ 60 ಇರಬೇಕು ಅಂತ ಅಂಗಡಿ ಬೋರ್ಡು ಅಳೆಯೋಕೆ ಜನ ಇದ್ದಾರೆ. ಸರ್ಕಾರದ ಪುಟದಲ್ಲಿ ನೂರಕ್ಕೆ ನೂರು ಕನ್ನಡ ಇದ್ದೂ ಒಂದು ಸಾಲು ಅರ್ಥ ಆಗದಿದ್ರೆ ಅದನ್ನ ಅಳೆಯೋರು ಯಾರು?

ಅಂದಹಾಗೆ, ಈ ಬೇಡಿಕೆಗಳನ್ನೆಲ್ಲ ಒಂದು ಮನವಿ ಮಾಡಿ ಜಿಲ್ಲಾಧಿಕಾರಿಗಳ ಕಚೇರಿಗೂ, ಸಮಾಜ ಕಲ್ಯಾಣ ಇಲಾಖೆಗೂ ಕೊಡೋದು ಅಂತ ನಾವು ಒಂದಷ್ಟು ಜನ ತೀರ್ಮಾನ ಮಾಡಿದ್ದೀವಿ. ಬರೀ ಮನವಿ ಕೊಟ್ಟರೆ ಟಪಾಲಿನಲ್ಲಿ ನಂಬರ್ ಹಾಕಿ ಇಡ್ತಾರೆ, ಇಡೋನು ನಾನೇ ತಾನೆ, ಗೊತ್ತು. ಅದಕ್ಕೆ ಸಾಕ್ಷಿ ಸಮೇತ ಹೋಗಬೇಕು. ನಿಮಗೆ ಸಿಕ್ಕ ಇಂಥ ಸಾಲುಗಳನ್ನ ಕಳಿಸಿ. ಪುಟದ ಫೋಟೊ, ಅದರಲ್ಲಿರೋ ಕನ್ನಡ, ಅದಕ್ಕೆ ನಿಮ್ಮ ಮನೇಲಿ ನಿಮ್ಮ ಅವ್ವ ಏನಂತಾರೋ ಆ ಮಾತು, ಇಷ್ಟು ಸಾಕು. ಆ ಸಾಲಿನಿಂದ ಯಾರಿಗಾದರೂ ದುಡ್ಡೋ ದಿನವೋ ಹೋಗಿದ್ರೆ ಅದನ್ನೂ ಬರೀರಿ, ಹೆಸರು ಬೇಡ. ಹಾಸ್ಟೆಲ್ ಹುಡುಗರು ಹುಡುಗಿಯರು ಮುಂದೆ ಬನ್ನಿ, ಅರ್ಜಿ ನಮೂನೆಗಳ ಒಳಹೊರಗು ನಿಮಗೆ ಗೊತ್ತಿರುವಷ್ಟು ಯಾವ ಪ್ರಾಧ್ಯಾಪಕರಿಗೂ ಗೊತ್ತಿಲ್ಲ.

ಟೈಪ್ ಮಾಡೋಕೆ ಬರದವರು ವಾಯ್ಸ್ ಕಳಿಸಿ, ನಾನು ಟೈಪ್ ಮಾಡ್ಕೋತೀನಿ. ಆಫೀಸು ಮುಗಿಯೋದು ಐದೂವರೆಗೆ, ಆಮೇಲೆ ಯಾವ ಹೊತ್ತಿಗಾದರೂ ಸರಿ.

ಜೈ ಭೀಮ್.